ಬಯಲುಸೀಮೆಯಿಂದ ಪಡುವಣ ಕಡಲಿಗೆ: ಗೋಕರ್ಣದ ಬಸ್ಸಿನ ದಾರಿ

ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯ ಮೇಲೆ ನಿಂತು ಸುತ್ತಲೂ ನೋಡಿದವರಿಗೆ ಕಾಣುವುದು ಬಂಡೆ, ಬಯಲು, ಅಲ್ಲೊಂದು ಇಲ್ಲೊಂದು ಕೆರೆಯಂಗಳ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆಯ ಸೀಮೆಯಲ್ಲಿ ಹರಿಯುವ ಜಯಮಂಗಲಿಯು ಉತ್ತರ ಪಿನಾಕಿನಿಯನ್ನು ಕೂಡಿ ಮೂಡಣ ಕಡಲಿಗೆ ಸೇರುತ್ತದೆ. ಶಿರಾ ಸೀಮೆಯ ನೀರು ವೇದಾವತಿಯ ಮೂಲಕ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಅದೂ ಮೂಡಣ ಕಡಲನ್ನೇ ಮುಟ್ಟುತ್ತದೆ. ಪಡುವಣ ಕಡಲಿಗೆ ನಮ್ಮ ನೆಲದಿಂದ ಹರಿದು ಹೋಗುವ ಹಳ್ಳವೊಂದೂ ಇಲ್ಲ. ಅತ್ತ ಹೋಗುವುದು ಬಸ್ಸು ಮಾತ್ರ.

ಈ ಬಸ್ಸಿನ ದಾರಿಯನ್ನು ಕುರಿತು ಬರೆಯಬೇಕೆಂದು ನಮಗೆ ತೋರಿದ್ದಕ್ಕೆ ಕಾರಣವುಂಟು. ಹಿಂದೆ ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಿಂದ ಗೋಕರ್ಣಕ್ಕೆ ಹೋಗುತ್ತಿದ್ದವರು ವಯಸ್ಸಾದವರು. ಮಹಾಬಲೇಶ್ವರನ ದರ್ಶನ ಮುಗಿಸಿ, ಕಡಲಿಗೆ ಕೈಮುಗಿದು, ಪಾದ ತೋಯಿಸಿಕೊಂಡು ಮರಳುತ್ತಿದ್ದರು. ಈಗ ಹೋಗುವವರಲ್ಲಿ ಹೆಚ್ಚಿನವರು ಕಾಲೇಜಿನ ಮಕ್ಕಳು. ಅವರ ಬಾಯಲ್ಲಿ ಕುಡ್ಲೆ, ಓಂ ಬೀಚು, ಸರ್ಫಿಂಗ್ ಎಂಬ ಮಾತುಗಳು. ಹಲಗೆಯ ಮೇಲೆ ನಿಂತು ಅಲೆಯನ್ನೇರಿ ಬರುವ ಈ ಆಟವನ್ನು ಕಲಿಸುವ ಶಾಲೆಗಳು ಗೋಕರ್ಣದ ಮರಳಿನ ಮೇಲೆ ನಡೆಯುತ್ತಿವೆ. ಮಕ್ಕಳು ಹೋಗುತ್ತೇವೆ ಎನ್ನುತ್ತಾರೆ. ಹಿರಿಯರು ಬೇಡ ಎನ್ನುತ್ತಾರೆ. ಎರಡು ಮಾತಿಗೂ ನಡುವೆ ತಿಳಿವಳಿಕೆಯ ಮಾತು ಇಲ್ಲವಾಗಿದೆ. ಆದ್ದರಿಂದ ನಾವೇ ಹೋಗಿ ನೋಡಿ ಬರುವುದೆಂದು ನಿಶ್ಚಯಿಸಿದೆವು. ನಾಲ್ಕು ತಾಲ್ಲೂಕಿನ ಪರಿಚಿತ ಮನೆಗಳಿಂದ ಹದಿನಾಲ್ಕು ಜನ ಕೂಡಿದರು. ಹಿರಿಯರಿಗೆ ಎಪ್ಪತ್ತೆರಡು ವರ್ಷ, ಕಿರಿಯಳಿಗೆ ಹತ್ತು. ಮಾಘಮಾಸದ ಒಂದು ಶುಕ್ರವಾರ ರಾತ್ರಿ ಹೊರಟು ಸೋಮವಾರ ರಾತ್ರಿ ಮರಳಿದೆವು.

ಎರಡು ದಾರಿಗಳು

ಮೊದಲನೆಯದು ಹುಬ್ಬಳ್ಳಿಯ ದಾರಿ. ಬೆಂಗಳೂರಿನಿಂದ ರಾತ್ರಿ ಹೊರಟು ಗೋಕರ್ಣಕ್ಕೆ ಹೋಗುವ ಬಸ್ಸುಗಳಲ್ಲಿ ಹಲವು ತುಮಕೂರು, ಶಿರಾ, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಮೇಲೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಯಲ್ಲಾಪುರ ದಾಟಿ ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಮೂಲಕ ಗೋಕರ್ಣವನ್ನು ಸೇರುತ್ತವೆ. ಶಿರಾದಿಂದ ಎಣಿಸಿದರೆ ಸುಮಾರು ೪೫೦ ಕಿಲೋಮೀಟರು. ದೂರ ಹೆಚ್ಚು; ಆದರೆ ಹೆದ್ದಾರಿ ವಿಶಾಲವಾದುದು, ಒಂದೇ ಬಸ್ಸು, ಮಲಗಿ ಹೋಗಬಹುದು.

ಎರಡನೆಯದು ಶಿವಮೊಗ್ಗೆಯ ದಾರಿ. ಇದನ್ನು ಕುರಿತು ಒಂದು ವಿಷಯ ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದು. ಮಧುಗಿರಿಯ ಮೇಲೆ ಹಾದು ಹೋಗುವ ಈಗಿನ ೬೯ನೆಯ ರಾಷ್ಟ್ರೀಯ ಹೆದ್ದಾರಿಯು ಪಡುವಲಿಗೆ ಶಿರಾ, ಬುಕ್ಕಾಪಟ್ಟಣ, ಹುಳಿಯಾರು, ಬಾಣಾವರ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ ಶರಾವತಿಯ ಕಣಿವೆಯಲ್ಲಿಳಿದು ಹೊನ್ನಾವರದಲ್ಲಿ ಕಡಲನ್ನು ಮುಟ್ಟುತ್ತದೆ. ನಮ್ಮ ಊರಿನ ಮುಂದಿನ ರಸ್ತೆಯೇ ಕಡಲಿಗೆ ಹೋಗುವ ರಸ್ತೆ! ಆದರೆ ರಸ್ತೆ ಒಂದೇ ಆದರೂ ಬಸ್ಸು ಒಂದೇ ಅಲ್ಲ. ಈ ದಾರಿಯಲ್ಲಿ ಹೋಗುವವರು ಶಿವಮೊಗ್ಗದಲ್ಲಿ ಇಳಿದು ಬಸ್ಸು ಬದಲಿಸಲು ಸಿದ್ಧರಾಗಿರಬೇಕು. ಮಧುಗಿರಿ, ಕೊರಟಗೆರೆಯವರು ತುಮಕೂರಿಗೆ ಬಂದು ತಿಪಟೂರು, ಅರಸೀಕೆರೆ, ಕಡೂರುಗಳ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸು ಹಿಡಿಯುವುದೇ ಸುಲಭ. ಶಿವಮೊಗ್ಗದಿಂದ ಸಾಗರ, ತಾಳಗುಪ್ಪ, ಗೇರುಸೊಪ್ಪೆಗಳ ಮೇಲೆ ಹೊನ್ನಾವರಕ್ಕೆ ಬಂದು, ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಕುಮಟೆಗೆ, ಕುಮಟೆಯಿಂದ ಇನ್ನೊಂದು ಬಸ್ಸಿನಲ್ಲಿ ಗೋಕರ್ಣಕ್ಕೆ.

ಪಾವಗಡದವರ ಕಷ್ಟ ಬೇರೆ. ಆ ತಾಲ್ಲೂಕಿನ ಸುತ್ತ ಬಹುಭಾಗ ಆಂಧ್ರದ ನೆಲ. ಎಲ್ಲಿಗೆ ಹೊರಟರೂ ಮೊದಲು ಮಧುಗಿರಿಗೋ ಶಿರಾಕ್ಕೋ ಬಂದು ಸೇರಬೇಕು. ಕೈಗೆ ಸಿಕ್ಕ ಬಸ್ಸಿಗೆ ಹತ್ತಿಬಿಡುವ ಅಭ್ಯಾಸ ಅಲ್ಲಿ ಬೆಳೆದುಬಂದುದು ಬಸ್ಸು ವಿರಳವಾದ್ದರಿಂದ. ೨೦೨೨ರ ಮಾರ್ಚ್ ೧೯ರಂದು ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ಕಿಕ್ಕಿರಿದ ಖಾಸಗಿ ಬಸ್ಸೊಂದು ಉರುಳಿ, ಓದಲು ಹೊರಟಿದ್ದ ಮಕ್ಕಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಬಾರದು. ತುಂಬಿದ ಬಸ್ಸನ್ನು ಬಿಟ್ಟು ಒಂದು ಗಂಟೆ ಕಾಯುವುದು ಸೋಲಲ್ಲ.

ರೈಲನ್ನು ಬಯಸುವವರಿಗೆ ಒಂದು ಮಾತು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ೨೦೨೦ರ ಮಾರ್ಚಿನಲ್ಲಿ ಆರಂಭವಾಯಿತು. ಅದು ಕುಣಿಗಲ್, ಹಾಸನಗಳ ಮೇಲೆ ಹೋಗುವುದರಿಂದ ನಮ್ಮ ಸೀಮೆಯನ್ನು ಮುಟ್ಟುವುದಿಲ್ಲ. ಬೆಂಗಳೂರಿಗೆ ಹೋಗಿ ರೈಲು ಹತ್ತುವುದಕ್ಕಿಂತ ಶಿರಾದಲ್ಲಿ ಬಸ್ಸು ಹತ್ತುವುದೇ ಮೇಲು.

ಶಿರಾದ ಮೇಲ್ಸೇತುವೆಯ ಕೆಳಗೆ

ಹೋಗುವಾಗ ಹುಬ್ಬಳ್ಳಿಯ ದಾರಿ, ಬರುವಾಗ ಶಿವಮೊಗ್ಗೆಯ ದಾರಿ ಎಂದು ನಾವು ಗೊತ್ತುಮಾಡಿಕೊಂಡಿದ್ದೆವು. ಹೋಗುವಾಗಲೇ ಒಂದು ಪಾಠವಾಯಿತು. ಚೀಟಿಯಲ್ಲಿ ‘ಶಿರಾ’ ಎಂದಿದ್ದುದನ್ನು ನಂಬಿ ನಮ್ಮ ತಂಡದ ಅರ್ಧ ಮಂದಿ ಊರೊಳಗಿನ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದರು. ದೂರದ ರಾತ್ರಿ ಬಸ್ಸುಗಳು ಊರೊಳಗೆ ಬರುವುದಿಲ್ಲ. ಹೊರಗಿನ ಹೆದ್ದಾರಿಯಲ್ಲೇ ಹಾದುಹೋಗುತ್ತವೆ. ಚಾಲಕನು ದೂರವಾಣಿಯಲ್ಲಿ ಕರೆದು ಕೇಳಿದಾಗಲೇ ನಮಗೆ ಇದು ತಿಳಿದದ್ದು. ಎರಡು ಆಟೋಗಳಲ್ಲಿ ಏದುಸಿರು ಬಿಡುತ್ತ ಮೇಲ್ಸೇತುವೆಯ ಕೆಳಗೆ ಬಂದು ಮುಟ್ಟುವಾಗ ಬಸ್ಸು ಹತ್ತು ನಿಮಿಷದಿಂದ ನಮಗಾಗಿ ನಿಂತಿತ್ತು. ಒಳಗಿದ್ದ ಪ್ರಯಾಣಿಕರು ಯಾರೂ ಬಿರುನುಡಿಯಾಡಲಿಲ್ಲ. ಅದು ಅವರ ದೊಡ್ಡತನ. ತಪ್ಪು ನಮ್ಮದೇ. ಹತ್ತುವ ಸ್ಥಳ ಯಾವುದು, ಅಲ್ಲಿಗೆ ಹೇಗೆ ಬರಬೇಕು ಎಂಬುದನ್ನು ಹಗಲಲ್ಲೇ ಕೇಳಿ ನೋಡಿಕೊಂಡಿದ್ದರೆ ಸಾಕಿತ್ತು.

ನಸುಕಿನಲ್ಲಿ ಎಚ್ಚರವಾದಾಗ ಬಸ್ಸು ಯಲ್ಲಾಪುರವನ್ನು ಬಿಟ್ಟು ಘಟ್ಟವನ್ನಿಳಿಯುತ್ತಿತ್ತು. ಮುಳ್ಳು ಜಾಲಿಯನ್ನೂ ಹೊಂಗೆಯನ್ನೂ ಕಂಡು ಬೆಳೆದ ಕಣ್ಣಿಗೆ ಆ ಕಾಡಿನ ದಟ್ಟತನವೇ ಒಂದು ಬೆರಗು. ಪಾವಗಡದ ಹಿರಿಯ ತಾಯಿಯೊಬ್ಬರು ಕಿಟಕಿಯನ್ನು ಬಿಟ್ಟು ಕದಲಲಿಲ್ಲ. ‘ಇಷ್ಟು ಮರಕ್ಕೆ ಯಾರು ನೀರು ಹಾಕುತ್ತಾರೆ?’ ಎಂದು ಅವರು ಕೇಳಿದ್ದು ತಮಾಷೆಗಲ್ಲ. ಕೊಡದಿಂದ ಗಿಡ ಸಾಕಿದವರ ಪ್ರಶ್ನೆ ಅದು.

ಮಳೆಗಾಲದಲ್ಲಿ ಮಾತ್ರ ಈ ದಾರಿಗಳು ಬೇರೆಯೇ ರೂಪ ತಾಳುತ್ತವೆ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಸಮೀಪ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಗೋಕರ್ಣದ ಬಸ್ಸು ಹೋಗುವ ದಾರಿಯೇ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಟುಂಬದೊಡನೆ ಈ ಯಾತ್ರೆ ಕೈಗೊಳ್ಳದಿರುವುದೇ ಲೇಸು. ಆಗ ಕಡಲೂ ಮುನಿದಿರುತ್ತದೆ, ಬೆಟ್ಟವೂ ಮುನಿದಿರುತ್ತದೆ.

ರಥಬೀದಿಯಿಂದ ಮರಳಿಗೆ

ಗೋಕರ್ಣವು ಉತ್ತರದಲ್ಲಿ ಗಂಗಾವಳಿ, ದಕ್ಷಿಣದಲ್ಲಿ ಅಘನಾಶಿನಿ ಎಂಬ ಎರಡು ನದಿಗಳ ನಡುವಿನ ಊರು. ಬಸ್ ನಿಲ್ದಾಣದಿಂದ ರಥಬೀದಿಯಲ್ಲಿ ನಡೆದರೆ ಗುಡಿ. ಗುಡಿಯನ್ನು ದಾಟಿ ಇನ್ನೂ ನಾಲ್ಕು ಹೆಜ್ಜೆ ಇಟ್ಟರೆ ಕಡಲು. ರಾವಣನು ಕೈಲಾಸದಿಂದ ತಂದ ಆತ್ಮಲಿಂಗವು ಗಣಪತಿಯ ಜಾಣ್ಮೆಯಿಂದ ಇಲ್ಲಿ ನೆಲೆಗೊಂಡಿತೆಂಬ ಕಥೆಯನ್ನು ಓದುಗರು ಬಲ್ಲರು. ಗುಡಿಯೊಳಗೆ ಹೋಗುವ ಗಂಡಸರು ಅಂಗಿ ತೆಗೆದು ಪಂಚೆಯುಡುವ ನಿಯಮವಿದೆ. ಮಧ್ಯಾಹ್ನ ಬಾಗಿಲು ಮುಚ್ಚುತ್ತದೆ. ಆದಕಾರಣ ಬೆಳಗಿನಲ್ಲೇ ದರ್ಶನ ಮುಗಿಸಿಕೊಳ್ಳುವುದು ಅನುಕೂಲ.

ಆ ಬೀದಿಯಲ್ಲಿ ರುದ್ರಾಕ್ಷಿಯ ಅಂಗಡಿಯ ಪಕ್ಕದಲ್ಲೇ ಬಣ್ಣಬಣ್ಣದ ಈಜುಡುಗೆಯ ಅಂಗಡಿ. ಪಿತೃಕಾರ್ಯಕ್ಕೆ ಬಂದ ಮನೆಯವರು ಒಂದು ಕಡೆ, ಬೆನ್ನ ಮೇಲೆ ಹೊರೆ ಹೊತ್ತ ಪರದೇಶದ ತರುಣರು ಇನ್ನೊಂದು ಕಡೆ. ಮೊದಲು ನೋಡಿದಾಗ ನಮ್ಮವರಿಗೆ ಇದು ಒಗ್ಗದು. ಎರಡನೆಯ ದಿನಕ್ಕೆ ಕಣ್ಣು ಹೊಂದಿಕೊಳ್ಳುತ್ತದೆ. ಪೇಟೆಯಿಂದ ದಕ್ಷಿಣಕ್ಕೆ ಗುಡ್ಡ ಹತ್ತಿಳಿದರೆ ಕುಡ್ಲೆ. ಅದರಾಚೆಗೆ ಓಂಕಾರದ ಆಕಾರದಲ್ಲಿ ಬಾಗಿರುವ ಓಂ ಬೀಚು. ನಡೆಯಲಾರದವರಿಗೆ ಆಟೋಗಳುಂಟು, ಬಾಡಿಗೆಯನ್ನು ಹತ್ತುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.

ಅಲೆಯ ಮೇಲಿನ ಆಟ

ಸರ್ಫಿಂಗ್ ಎಂಬುದು ಪೆಸಿಫಿಕ್ ಸಾಗರದ ದ್ವೀಪವಾಸಿಗಳ ಪುರಾತನ ಆಟ. ಹವಾಯಿ ದ್ವೀಪಗಳಿಂದ ಲೋಕಕ್ಕೆ ಹರಡಿತು. ಟೋಕಿಯೋ ಒಲಿಂಪಿಕ್ಸ್ ೨೦೨೧ರಲ್ಲಿ ನಡೆದಾಗ ಮೊದಲ ಬಾರಿಗೆ ಅಲ್ಲಿಯೂ ಸ್ಥಾನ ಪಡೆಯಿತು. ಕರ್ನಾಟಕದಲ್ಲಿ ಇದರ ಬೇರು ಇರುವುದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ. ಅಮೆರಿಕದಲ್ಲಿ ಹುಟ್ಟಿ ಸನ್ಯಾಸ ಸ್ವೀಕರಿಸಿದ ಜ್ಯಾಕ್ ಹೆಬ್ನರ್ ಎಂಬವರು ೨೦೦೪ರಲ್ಲಿ ಅಲ್ಲಿ ಆಶ್ರಮವೊಂದನ್ನು ಕಟ್ಟಿ, ಜಪಧ್ಯಾನಗಳ ಜೊತೆಗೆ ಅಲೆಯೇರುವುದನ್ನೂ ಕಲಿಸಿದರು. ಜನ ಅವರನ್ನು ‘ಸರ್ಫಿಂಗ್ ಸ್ವಾಮಿ’ ಎಂದು ಕರೆದರು. ಅದೇ ಸೀಮೆಯ ಸಸಿಹಿತ್ಲು ಕಡಲತಡಿಯಲ್ಲಿ ಮುಂದೆ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದವು. ೨೦೨೫ರ ಆಗಸ್ಟಿನಲ್ಲಿ ತಮಿಳುನಾಡಿನ ಮಾಮಲ್ಲಪುರದಲ್ಲಿ ನಡೆದ ಏಷ್ಯಾ ಸ್ಪರ್ಧೆಯಲ್ಲಿ ರಮೇಶ್ ಬೂದಿಹಾಳ ಅವರು ಕಂಚಿನ ಪದಕ ಗಳಿಸಿದರು. ಇದು ಪರದೇಶಿಗಳ ಹುಚ್ಚಾಟ ಎಂದು ತಳ್ಳಿಹಾಕುವ ಕಾಲ ಮುಗಿದಿದೆ.

ಅಲೆಯ ಮರ್ಮವನ್ನು ಕಲಿಸುವ ತರುಣನಿಂದ ನಾವು ಕೇಳಿ ತಿಳಿದೆವು. ದೂರದ ಕಡಲಿನಲ್ಲಿ ಗಾಳಿ ಬೀಸಿ ಎಬ್ಬಿಸಿದ ಅಲೆಯು ನೀರನ್ನು ಹೊತ್ತು ತರುವುದಿಲ್ಲ. ಶಕ್ತಿಯನ್ನು ಹೊತ್ತು ತರುತ್ತದೆ. ದಡದ ಬಳಿ ಆಳ ಕಡಿಮೆಯಾದಾಗ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮುಂದೆ ಓಡಿ ಬಾಗಿ ಒಡೆಯುತ್ತದೆ. ಒಡೆಯುವ ಆ ಕ್ಷಣವನ್ನು ಹಿಡಿಯುವುದೇ ಈ ಆಟ. ಹೊಸಬರನ್ನು ಸೊಂಟದ ಮಟ್ಟದ ನೀರಿನಾಚೆಗೆ ಬಿಡುವುದಿಲ್ಲ. ಹಲಗೆ ಮೆತ್ತನೆಯದು, ಅದನ್ನು ಬಳ್ಳಿಯಂಥ ಹಗ್ಗದಿಂದ ಕಾಲಿಗೆ ಕಟ್ಟಿರುತ್ತಾರೆ. ಮೊದಲ ಒಂದು ಗಂಟೆ ಪಾಠವೆಲ್ಲ ಮರಳಿನ ಮೇಲೆಯೇ.

ನಮ್ಮ ತಂಡದ ಮಧುಗಿರಿಯ ಹುಡುಗಿಯೊಬ್ಬಳು, ಪದವಿ ತರಗತಿಯಲ್ಲಿ ಓದುವವಳು, ಕಲಿಯುತ್ತೇನೆಂದು ಮುಂದೆ ಬಂದಳು. ಅವಳ ಅಜ್ಜ ಬೇಡವೆಂದರು. ಈಜು ಬರುವುದೇ ಎಂದು ಕಲಿಸುವವನು ಕೇಳಿದ. ಇಲ್ಲವೆಂದಳು. ಹಾಗಾದರೆ ಇಂದು ದಡದ ಪಾಠ ಮಾತ್ರ, ಈಜು ಕಲಿತು ಬಾ, ಆಮೇಲೆ ಅಲೆ ಎಂದು ಅವನು ಹೇಳಿದ. ಅವಳ ಮುಖ ಸಣ್ಣದಾಯಿತು; ಅಜ್ಜನಿಗೆ ನೆಮ್ಮದಿಯಾಯಿತು. ನಮಗೆ ಮಾತ್ರ ಬೇರೊಂದು ಯೋಚನೆ ಬಂತು.

ಬತ್ತಿದ ಬಾವಿ, ಮರೆತ ಈಜು

ನಾವು ಮಠದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದ ಕಾಲದಲ್ಲಿ ಹಿತ್ತಲಿನಲ್ಲಿ ಮೆಟ್ಟಿಲು ಬಾವಿಯೊಂದಿತ್ತು. ಬೇಸಗೆ ಬಂದರೆ ಹಿರಿಯ ವಿದ್ಯಾರ್ಥಿಗಳು ಚಿಕ್ಕವರ ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಕತ್ತಾಳೆಯ ಬೆಂಡನ್ನೋ ಕಟ್ಟಿ ನೀರಿಗೆ ನೂಕುತ್ತಿದ್ದರು. ಒಂದು ತಿಂಗಳಲ್ಲಿ ಬೆಂಡು ಬೇಡವಾಗುತ್ತಿತ್ತು. ಮಡಿಕೆ ಹೊಡೆಯುವವರ ಮಗನೂ ಪಟೇಲರ ಮಗನೂ ಹೀಗೆಯೇ ಈಜು ಕಲಿತವರು. ಯಾರೂ ಅದನ್ನು ವಿದ್ಯೆ ಎಂದು ಕರೆಯಲಿಲ್ಲ.

ಆಮೇಲೆ ಕೊಳವೆಬಾವಿಗಳು ಬಂದವು. ನೀರು ಪಾತಾಳಕ್ಕಿಳಿಯಿತು. ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು. ಬಾವಿ ಬತ್ತಿದುದನ್ನು ನಾವು ಬೆಳೆಯ ನಷ್ಟವೆಂದು ಲೆಕ್ಕ ಹಾಕಿದೆವು. ಅದರೊಡನೆ ಒಂದು ತಲೆಮಾರಿನ ಈಜೂ ಬತ್ತಿತೆಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಣ್ಣುಮಕ್ಕಳಿಗಂತೂ ಆಗಲೂ ಕಲಿಸಿರಲಿಲ್ಲ. ಇಂಥ ಮಕ್ಕಳನ್ನು ಈಗ ಬಸ್ಸು ಒಂದೇ ರಾತ್ರಿಯಲ್ಲಿ ಕಡಲಿನ ಮುಂದೆ ತಂದು ನಿಲ್ಲಿಸುತ್ತದೆ.

೨೦೨೪ರ ಡಿಸೆಂಬರ್ ೧೦ರಂದು ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುಳುಗಿ ಅಸುನೀಗಿದರು. ಅವರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮಕ್ಕಳು. ಮುಳಬಾಗಿಲೂ ನಮ್ಮ ಮಧುಗಿರಿ, ಶಿರಾಗಳಂತೆ ಅದೇ ೬೯ನೆಯ ಹೆದ್ದಾರಿಯ ಮೇಲಿನ ಊರು. ನಮ್ಮಂತೆಯೇ ಕೆರೆ ಬತ್ತಿದ ಸೀಮೆ. ಆ ನಾಲ್ಕು ಮನೆಗಳ ದುಃಖವನ್ನು ನೆನೆದಾಗ, ಅವು ನಮ್ಮ ಮನೆಗಳೂ ಆಗಬಹುದಿತ್ತೆಂಬುದು ಮನಸ್ಸಿಗೆ ಬಾರದೆ ಇರದು.

ಆದ್ದರಿಂದ ಕಡಲಿನ ಒಂದು ಗುಣವನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು. ದಡಕ್ಕೆ ಬಂದ ಅಲೆಯ ನೀರು ಹಿಂದಕ್ಕೆ ಹೋಗಲೇಬೇಕು. ಅದು ಕೆಲವೆಡೆ ಇಕ್ಕಟ್ಟಾದ ಕಾಲುವೆಯಂತೆ ಒಟ್ಟುಗೂಡಿ ರಭಸದಿಂದ ಒಳಕ್ಕೆ ಹರಿಯುತ್ತದೆ. ವಿಚಿತ್ರವೆಂದರೆ ಆ ಜಾಗದಲ್ಲಿ ಅಲೆಗಳು ಕಡಿಮೆ ಒಡೆಯುವುದರಿಂದ ಅದು ಶಾಂತವಾಗಿ ಕಾಣುತ್ತದೆ. ನೀರಿನ ಬಣ್ಣ ತುಸು ಕಪ್ಪಾಗಿರುತ್ತದೆ. ಕೆರೆಯ ಅನುಭವದವರು ಶಾಂತವಾದ ನೀರೇ ಸುರಕ್ಷಿತವೆಂದು ತಿಳಿದು ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಸೆಣಸಬಾರದು. ಸೆಣಸಿದವರು ದಣಿದು ಮುಳುಗುತ್ತಾರೆ. ಉಸಿರು ಹಿಡಿದು ತೇಲುತ್ತ, ಕೈಯೆತ್ತಿ ಕರೆಯಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಕಳೆದ ಮೇಲೆ ದಡಕ್ಕೆ ತಿರುಗಬೇಕು. ಮುಳುಗುವವರನ್ನು ಕಂಡು ಈಜು ಬಾರದವರು ಹಾರಬಾರದು. ಹಗ್ಗ, ಖಾಲಿ ಡಬ್ಬಿ, ಸೀರೆ, ಏನಾದರೂ ಎಸೆಯಬೇಕು. ದಡದಲ್ಲಿ ಸೀಟಿ ಹಿಡಿದು ನಿಂತ ಜೀವರಕ್ಷಕನ ಮಾತನ್ನು ಬೈಗುಳವೆಂದು ತಿಳಿಯಬಾರದು. ಅದು ಅವನ ಕಾಯಕ.

ಮನೆಯವರಿಗೆ ಕೆಲವು ಮಾತು

ಇಷ್ಟಲಿಂಗಧಾರಿಗಳು ಕಡಲಿಗಿಳಿಯುವಾಗ ವಿಶೇಷ ಎಚ್ಚರ ಬೇಕು. ನಮ್ಮ ಜೊತೆಗಿದ್ದ ಶಿರಾ ಕಡೆಯ ಹಿರಿಯರೊಬ್ಬರು ಮೊಣಕಾಲು ನೀರಿನಲ್ಲಿ ನಿಂತಿದ್ದಾಗಲೇ ಅಲೆಯೊಂದು ಹಿಂದಿನಿಂದ ಬಂದು ಕೆಡವಿತು. ಎದ್ದಾಗ ಕೊರಳಲ್ಲಿ ಹಳೆಯ ಶಿವದಾರವು ಹರಿದು ಜೋತಾಡುತ್ತಿತ್ತು. ಕರಡಿಗೆಯು ಅಂಗಿಯ ಮಡಿಕೆಯಲ್ಲಿ ಸಿಕ್ಕಿಕೊಂಡು ಉಳಿದಿತ್ತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಹೊರಡುವ ಮುನ್ನ ಹೊಸ ಶಿವದಾರವನ್ನು ಹಾಕಿಕೊಂಡು, ನೀರಿಗಿಳಿಯುವಾಗ ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಬಿಗಿದುಕೊಳ್ಳುವುದು ಲೇಸು.

ಮಹಿಳೆಯರಿಗೆ ಶಿವಮೊಗ್ಗೆಯ ದಾರಿಯಲ್ಲಿ ಒಂದು ಅನುಕೂಲವಿದೆ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಶುಲ್ಕವಿಲ್ಲದೆ ಸಂಚರಿಸಬಹುದು. ವಿಳಾಸವುಳ್ಳ ಗುರುತಿನ ಚೀಟಿ ಕೈಯಲ್ಲಿರಬೇಕು. ಮಲಗುವ ಬಸ್ಸು, ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸದು. ಮರಳುವಾಗ ನಮ್ಮ ತಂಡದ ಎಂಟು ಮಹಿಳೆಯರು ಗೋಕರ್ಣದಿಂದ ತುಮಕೂರಿನವರೆಗೆ ಬಸ್ಸು ಬಸ್ಸಿಗೂ ಶೂನ್ಯ ಚೀಟಿ ಪಡೆದರು. ದಿನವಿಡೀ ಹಿಡಿಯಿತು, ನಾಲ್ಕು ಕಡೆ ಇಳಿದು ಹತ್ತಬೇಕಾಯಿತು, ಹೊನ್ನಾವರದಲ್ಲಿ ಸೀಟಿಗಾಗಿ ನೂಕುನುಗ್ಗಲೂ ಆಯಿತು. ಆದರೆ ಗೇರುಸೊಪ್ಪೆಯ ಘಟ್ಟದಲ್ಲಿ ಶರಾವತಿಯ ಕಣಿವೆಯನ್ನು ಹಗಲು ಬೆಳಕಿನಲ್ಲಿ ಕಂಡ ಸಂತೋಷ ಆ ದಣಿವನ್ನು ಮರೆಸಿತು. ವೃದ್ಧರೂ ಎಳೆಯ ಮಕ್ಕಳೂ ಜೊತೆಗಿದ್ದರೆ ರಾತ್ರಿಯ ನೇರ ಬಸ್ಸು ಮೇಲು. ಮೈಯಲ್ಲಿ ಕಸುವಿರುವವರಿಗೆ ಹಗಲಿನ ದಾರಿ ಮೇಲು.

ಬುತ್ತಿಯ ಮಾತನ್ನೂ ಹೇಳಿಬಿಡೋಣ. ಕರಾವಳಿಯ ಹೋಟೆಲುಗಳಲ್ಲಿ ಮೀನಿನ ಅಡುಗೆ ಸಹಜ. ಗುಡಿಯ ಸುತ್ತ ಸಸ್ಯಾಹಾರದ ಊಟದ ಮನೆಗಳು ಧಾರಾಳವಾಗಿವೆ. ಕಡಲತಡಿಯ ಅಂಗಡಿಗಳಲ್ಲಿ ಕೇಳಿ ತಿಳಿದು ತಿನ್ನಬೇಕು. ಕೊರಟಗೆರೆಯ ಮನೆಯವರು ತಂದಿದ್ದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಪುಡಿ ಮೂರು ದಿನವೂ ಕೆಡದೆ ಎಲ್ಲರನ್ನೂ ಕಾಪಾಡಿತು.

ಸೋಮವಾರ ರಾತ್ರಿ ತುಮಕೂರಿನ ನಿಲ್ದಾಣದಲ್ಲಿ ಬೀಳ್ಕೊಳ್ಳುವಾಗ ಆ ಮಧುಗಿರಿಯ ಅಜ್ಜ ಮೊಮ್ಮಗಳ ಮುಂದೆಯೇ ನಮ್ಮನ್ನು ಕೇಳಿದರು: ‘ಬುದ್ಧಿ, ತುಮಕೂರಿನಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವವರು ಇದ್ದಾರೆಯೇ?’ ವಿಚಾರಿಸಿ ತಿಳಿಸುತ್ತೇವೆಂದು ಹೇಳಿ ಬಂದೆವು, ತಿಳಿಸಿಯೂ ಆಯಿತು. ಅವಳು ಈಗ ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ಕಲಿಯುತ್ತಿದ್ದಾಳೆ. ಕಡಲಿಗೆ ಹೋಗಬೇಡವೆಂದು ಮಕ್ಕಳನ್ನು ತಡೆಯುವುದು ಇನ್ನು ನಮ್ಮಿಂದಾಗದು, ತಡೆಯಬೇಕಾಗಿಯೂ ಇಲ್ಲ. ಈ ಬೇಸಗೆಯ ರಜೆಯಲ್ಲಿ ನಮ್ಮ ಊರುಗಳಲ್ಲಿ ಎಲ್ಲಿ ನೀರು ನಿಂತಿದೆಯೋ ಅಲ್ಲಿ, ಬಲ್ಲ ಹಿರಿಯರ ಕಣ್ಣಮುಂದೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಈಜು ಕಲಿಸುವ ಕೆಲಸವನ್ನು ಪ್ರತಿ ಮನೆಯೂ ಕೈಗೊಳ್ಳಲಿ. ಬಸ್ಸಿನ ಚೀಟಿ ಕೊಳ್ಳುವುದು ಆಮೇಲೆ.